ಐಸಿಗೆ ಹಾಕದ ರಕ್ತ

"ಮಸ್ಕತ್ತಿಗೆ ಹೋಗಿ ಬಂದ್ಯಂತೆ, ಎಂತೆಂತಾ ನೋಡ್ದೆ?" ಎಂದು ಅಂಕೋಲೆಯ ಪೇಟೆಯಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಏನೆಂದು ಹೇಳಲಿ? ಕಡಲ ದಂಡೆಯ ಕೋಟೆಗಳನ್ನು ಟ್ಯಾಕ್ಸಿಯ ಕಿಟಕಿಯಿಂದ ನೋಡಿದೆ. ದೊಡ್ಡ ಮಸೀದಿಯ ಗುಮ್ಮಟವನ್ನು ಆಸ್ಪತ್ರೆಯ ಮೇಲಿನ ಮಹಡಿಯಿಂದ ನೋಡಿದೆ. ಕಣ್ಣು ಮಿಟುಕಿಸದೆ ನೋಡಿದ್ದು ಒಂದನ್ನೇ. ಅದು ನನ್ನ ತಮ್ಮನ ಎದೆಯಿಂದ ಹೊರಗೆ ಬಂದಿದ್ದ ಒಂದು ಪ್ಲಾಸ್ಟಿಕ್ ನಳಿಗೆ. ಅದರೊಳಗೆ ಕೆಂಪು ಹರಿಯುವುದು ಯಾವಾಗ ನಿಲ್ಲುತ್ತದೆ ಎಂದು ಕಾದು ಕುಳಿತದ್ದೇ ನನ್ನ ವಿದೇಶ ಪ್ರವಾಸ. ಅದನ್ನೇ ಬರೆಯುತ್ತೇನೆ, ಒಂಟೆ ಬೇಕಾದವರು ಬೇರೆ ಯಾರದಾದರೂ ಪ್ರವಾಸ ಓದಿಕೊಳ್ಳಿ.

ಬಾಳೆಗುಳಿ

ನಾನೂ ನನ್ನ ಯಜಮಾನರೂ ಅಂಕೋಲೆಯ ಕಡಲ ಬದಿಯಲ್ಲಿ ಒಂದು ಸಣ್ಣ ಐಸ್ ಫ್ಯಾಕ್ಟರಿ ನಡೆಸುತ್ತೇವೆ. ಬೋಟುಗಳಿಗೆ, ಮೀನಿನ ಲಾರಿಗಳಿಗೆ ನಮ್ಮದೇ ಐಸು. ಯಾವುದು ಎಷ್ಟು ಹೊತ್ತಿಗೆ ಕೆಡುತ್ತದೆ, ಯಾವುದನ್ನು ಹೇಗೆ ಇಟ್ಟರೆ ಉಳಿಯುತ್ತದೆ ಎಂಬ ವಿಷಯದಲ್ಲಿ ನನ್ನ ಎದುರು ಮಾತಾಡುವವರು ಇಡೀ ದಂಡೆಯಲ್ಲಿ ಇಲ್ಲ ಎಂಬುದು ನನ್ನ ಅಭಿಪ್ರಾಯ. ಯಜಮಾನರ ಅಭಿಪ್ರಾಯ ಬೇರೆ ಇರಬಹುದು, ಅವರನ್ನು ಯಾರೂ ಕೇಳುವುದಿಲ್ಲ.

ನನ್ನ ತೌರು ಮಂಜಗುಣಿ, ಗಂಗಾವಳಿ ಕಡಲಿಗೆ ಸೇರುವ ಕಡೆ. ತಮ್ಮ ದಯಾನಂದ ಅಲ್ಲಿ ದೋಣಿಯ ಮೇಲೆಯೇ ಬೆಳೆದವನು. ಮದುವೆಯಾದ ಮೇಲೆ ಮಸ್ಕತ್ತಿಗೆ ಹೋಗಿ ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡಿಕೊಂಡಿದ್ದ. ಚಿಕ್ಕವನಿದ್ದಾಗ ಅವನಿಗೆ ಕೀಲುಗಳೆಲ್ಲ ಬಾತುಕೊಂಡು ಜ್ವರ ಬಂದಿತ್ತು. ಜ್ವರವೇನೋ ಹೋಯಿತು. ಹೋಗುವಾಗ ಹೃದಯದ ಒಂದು ಕವಾಟವನ್ನು ಕೆಡಿಸಿ ಹೋಗಿದೆ ಎಂದು ನಮಗೆ ಯಾರಿಗೂ ಗೊತ್ತಾಗಲಿಲ್ಲ. ಈಗ ನಲವತ್ತರ ಹತ್ತಿರ ಬಂದಾಗ ಬೋಟಿನ ಏಣಿ ಹತ್ತಲು ಏದುಸಿರು ಶುರುವಾಯಿತು. ಒಂದು ದಿನ ಡೆಕ್ಕಿನ ಮೇಲೆಯೇ ಕುಸಿದು ಬಿದ್ದ. ಅಲ್ಲಿಯ ಡಾಕ್ಟರು, ಇವನನ್ನು ವಿಮಾನ ಹತ್ತಿಸುವ ಹಾಗಿಲ್ಲ, ಇಲ್ಲೇ ಎದೆ ತೆರೆದು ಕವಾಟ ಬದಲಿಸಬೇಕು, ಮನೆಯವರು ಯಾರಾದರೂ ಬರಲಿ ಎಂದರು.

ಅವನ ಹೆಂಡತಿ ಸವಿತಾಗೆ ಪಾಸ್‌ಪೋರ್ಟ್ ಇರಲಿಲ್ಲ. ನನಗಿತ್ತು. ತಮ್ಮನ ಹತ್ತಿರ ಹೋಗಿ ಬರಬೇಕೆಂದು ಹಿಂದೆಯೇ ಮಾಡಿಸಿಟ್ಟು, ಈ ಸೀಸನ್ ಮುಗಿಯಲಿ, ಮುಂದಿನ ಸೀಸನ್ ಮುಗಿಯಲಿ ಎಂದು ದೂಡುತ್ತ ಬಂದಿದ್ದೆ. ಹೀಗೆ ಹೋಗಬೇಕಾಗಿ ಬರುತ್ತದೆ ಎಂದು ಯಾರು ಎಣಿಸಿದ್ದರು?

ಬಾಳೆಗುಳಿ ಕ್ರಾಸಿನಲ್ಲಿ ಗೋವಾ ಕಡೆಯ ಗಾಡಿಗೆ ಕಾಯುತ್ತಿದ್ದಾಗ ಸವಿತಾ ಮಂಜಗುಣಿಯಿಂದ ಬಂದಳು. ಅಳುತ್ತಾಳೆ, ಸಮಾಧಾನ ಮಾಡಬೇಕು ಎಂದು ನಾನು ಮಾತು ಜೋಡಿಸಿಕೊಂಡಿದ್ದೆ. ಅವಳು ಅಳಲಿಲ್ಲ. ನನ್ನ ಬ್ಯಾಗಿನ ಜಿಪ್ಪು ಎಳೆದು ಸರಿಮಾಡುತ್ತ, "ಅತ್ಗೆ, ಅಲ್ಲಿಂದ ಫೋನ್ ಮಾಡ್ದಾಗ ನಂಗೆ ಸುಳ್ ಹೇಳೂಕಾಗ. ಹ್ಯಾಂಗದೆ ಹಂಗೇ ಹೇಳಿ. ಗನಾ ಇದ್ರೂ ಹೇಳಿ, ಹಾಳಾದ್ರೂ ಹೇಳಿ" ಎಂದಳು. ಆಯ್ತು ಎಂದೆ. ಸುಳ್ಳು ಹೇಳುವುದರಲ್ಲಿ ನಾನು ಅಷ್ಟೇನೂ ಹಿಂದಿಲ್ಲ. ಆದರೆ ಅವಳ ಮುಖ ನೋಡಿದ ಮೇಲೆ ಆ ದಾರಿ ಮುಚ್ಚಿತು.

ಕಾರವಾರ

ಕಾರವಾರದಲ್ಲಿ ಗಾಡಿ ನಿಲ್ಲಿಸಿದ್ದು ಗಣಪತಿಯ ತಾಯಿಗಾಗಿ. ಗಣಪತಿ ಎಂದರೆ ಮಸ್ಕತ್ತಿನಲ್ಲಿ ದಯಾನ ಕೋಣೆಯ ಜೊತೆಗಾರ, ಅದೇ ಬಂದರಿನಲ್ಲಿ ಬಲೆಯ ಕೆಲಸ. ಮನೆಯಲ್ಲಿ ಕೊಂಕಣಿ ಆಡುವ ಜನ. ಆ ತಾಯಿ ಒಂದು ಗಂಟು ಹಿಡಿದು ರಸ್ತೆಯ ಬದಿಯಲ್ಲೇ ನಿಂತಿದ್ದಳು. ಗಂಟಿನಲ್ಲಿ ಒಣ ಸಿಗಡಿ, ಮುರುಗಲ ಸಿಪ್ಪೆ, ಸಾಂಬಾರ ಪುಡಿ, ಸುಲಿದ ತೆಂಗಿನಕಾಯಿಗಳು.

"ಬಾಯ್, ದಯಾಗೆ ರಕ್ತ ಕೊಡೂಕೆ ಪೋರಗಳೆಲ್ಲ ಬತ್ರಂತೆ. ಗಣಪತಿ ಹೇಳ್ದ. ಖಾಲಿ ಹೊಟ್ಟೇಲಿ ಕರ್ಕಂಡು ಹೋಗೂಕಾಗ. ಒಂದ್ ಪಾವ್ಟಿ ಸಮಾ ಜೇವಣ ಮಾಡ್ ಹಾಕು. ಅಲ್ಲಿ ಅವ್ಕೆ ಹೊಟ್ಟೆ ತುಂಬಾ ಹಾಕೂರು ಯಾರವ್ರೆ?"

"ಹಾಕ್ದೇ ಬಿಡ್ತನಾ?" ಎಂದೆ ನಾನು. ನಮ್ಮ ದಂಡೆಯ ಪದ್ಧತಿ ಅದು. ಬಲೆ ಎಳೆಯಲು ನಾಲ್ಕು ಜನರನ್ನು ಕರೆದರೆ ಮೊದಲು ಉಣ್ಣಿಸಬೇಕು, ಆಮೇಲೆ ಹಗ್ಗ ಕೈಗೆ ಕೊಡಬೇಕು. ಹಸಿದವನ ಕೈಯಿಂದ ಕೆಲಸ ಮಾಡಿಸಿಕೊಂಡರೆ ಆ ಮೀನು ಮೈಗೆ ಹತ್ತುವುದಿಲ್ಲ ಎಂದು ನನ್ನ ಅಮ್ಮ ಹೇಳುತ್ತಿದ್ದಳು. ಮೀನಿಗೇ ಹೀಗಾದರೆ ರಕ್ತಕ್ಕೆ ಎಷ್ಟು ಹೇಳಬೇಕು!

ಗೋವಾ ವಿಮಾನ ನಿಲ್ದಾಣದಲ್ಲಿ ಆ ಗಂಟನ್ನು ಬಿಚ್ಚಿಸಿದರು. ಒಣ ಸಿಗಡಿಯ ವಾಸನೆ ಹವಾನಿಯಂತ್ರಿತ ಕೋಣೆಯ ತುಂಬ ಹರಡಿತು. ಹಿಂದೆ ನಿಂತಿದ್ದ ಸೂಟುಬೂಟಿನವನೊಬ್ಬ ಕರವಸ್ತ್ರ ಮೂಗಿಗೆ ಹಿಡಿದುಕೊಂಡ. ತಪಾಸಣೆಯ ಹುಡುಗಿ ಮಾತ್ರ ಗಂಟಿಗೆ ಮೂಗು ತಂದು, ಕಣ್ಣು ಮುಚ್ಚಿ, ಕೊಂಕಣಿಯಲ್ಲಿ ಏನೋ ಹೇಳಿ ವಾಪಸು ಕಟ್ಟಿಕೊಟ್ಟಳು. ಅವಳಿಗೆ ಊಟದ ಹೊತ್ತು ಆಗಿರಬೇಕು.

ಮಸ್ಕತ್

ಕಡಲು ಇದೆ, ಗುಡ್ಡ ಇದೆ, ಆದರೆ ಎರಡರ ನಡುವೆ ಹಸಿರು ಇಲ್ಲ. ಮೊದಲು ನೋಡಿದಾಗ ಯಾರೋ ನಮ್ಮ ಕಾರವಾರದ ಗುಡ್ಡಗಳನ್ನು ಸಿಪ್ಪೆ ಸುಲಿದು ಇಟ್ಟಿದ್ದಾರೆ ಅನ್ನಿಸಿತು. ರಸ್ತೆಯಲ್ಲಿ ಹಾರ್ನ್ ಇಲ್ಲ. ಆಸ್ಪತ್ರೆಯ ಲಿಫ್ಟಿನೊಳಗೆ ಬಂದವರೆಲ್ಲ ಒಳಗಿದ್ದವರಿಗೆ ಸಲಾಮು ಹೇಳಿ, ಹೋಗುವಾಗ ಮತ್ತೆ ಹೇಳಿ ಹೋಗುತ್ತಾರೆ. ನಮ್ಮ ಬಸ್ಸಿನಲ್ಲಿ ಮೊಣಕೈಯೇ ಸಲಾಮು. ಇನ್ನೊಂದು ವಿಚಿತ್ರ ಎಂದರೆ ಆ ಜನ ಹೇಗಿದ್ದೀರಿ, ಮನೆಯವರು ಹೇಗಿದ್ದಾರೆ ಎಂದು ಬಹಳ ಹೊತ್ತು ಕೇಳುತ್ತಾರೆ, ರೋಗ ಏನು ಎಂದು ಮಾತ್ರ ಕೇಳುವುದಿಲ್ಲ. ಅಂಕೋಲೆಯಲ್ಲಾದರೆ ರೋಗ, ಡಾಕ್ಟರ ಹೆಸರು, ಹಿಂದೆ ಇದೇ ರೋಗದಲ್ಲಿ ಸತ್ತವರ ಹೆಸರು, ಎಲ್ಲ ಮೊದಲನೆಯ ಉಸಿರಿನಲ್ಲೇ ಬರುತ್ತಿತ್ತು. ಕೇಳದಿದ್ದುದೇ ನನಗೆ ಹೆದರಿಕೆ ಹುಟ್ಟಿಸಿತು. ಇವರಿಗೆಲ್ಲ ಗೊತ್ತಿದ್ದು ಸುಮ್ಮನಿದ್ದಾರೆಯೇ ಎಂದು.

ದಯಾ ದಿಂಬಿಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ತೋಳು ಇಳಿದು ಹೋಗಿದ್ದವು. ನನ್ನನ್ನು ನೋಡಿ, "ಅಕ್ಕಾ, ಐಸ್ ಫ್ಯಾಕ್ಟ್ರಿ ಬಾವನ ಕೈಯಾಗೆ ಬಿಟ್ ಬಂದ್ಯೇ? ಹಂಗಾರೆ ಎಲ್ಲಾ ಕರ್ಗ್ತು ಬಿಡು" ಎಂದು ನಕ್ಕ. ನಗು ಅರ್ಧಕ್ಕೇ ಕೆಮ್ಮಾಯಿತು. ನಾನು ಅವನ ಬೆನ್ನು ಸವರುತ್ತ ಗೋಡೆಯ ಕಡೆ ಮುಖ ಮಾಡಿಕೊಂಡೆ.

ಆಪರೇಶನ್ ಮಾಡುವ ಡಾಕ್ಟರ್ ಸಾಲಿಮ್ ಎತ್ತರದ, ಮೆಲುದನಿಯ ಮನುಷ್ಯ. ಪುಣೆಯಲ್ಲಿ ಓದಿದವರಾದ್ದರಿಂದ ನನಗಿಂತ ಚೆನ್ನಾಗಿ ಹಿಂದಿ ಮಾತಾಡುತ್ತಿದ್ದರು. ಹೃದಯವನ್ನು ನಿಲ್ಲಿಸುತ್ತೇವೆ, ಅಷ್ಟು ಹೊತ್ತು ಒಂದು ಯಂತ್ರ ರಕ್ತವನ್ನು ಹರಿಸುತ್ತದೆ ಎಂದರು. ಯಂತ್ರದ ಕೊಳವೆಗಳಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಔಷಧಿ ಕೊಡುತ್ತಾರೆ. ಕೆಲಸ ಮುಗಿದ ಮೇಲೆ ಮತ್ತೆ ಹೆಪ್ಪುಗಟ್ಟುವ ಹಾಗೆ ಇನ್ನೊಂದು ಔಷಧಿ.

"ಕಷ್ಟ ಇರುವುದು ಆಮೇಲೆ," ಎಂದರು. "ದೊಡ್ಡ ತೂತುಗಳನ್ನು ನಾನು ಹೊಲಿಯುತ್ತೇನೆ. ಕಣ್ಣಿಗೆ ಕಾಣದ ಸಣ್ಣ ತೂತುಗಳನ್ನು ಮುಚ್ಚುವುದು ರಕ್ತದೊಳಗಿನ ಪ್ಲೇಟ್‌ಲೆಟ್‌ಗಳು. ಯಂತ್ರದೊಳಗೆ ಸುತ್ತಿ ಸುತ್ತಿ ಅವು ಪೆಟ್ಟು ತಿಂದಿರುತ್ತವೆ. ಕೆಲವರಿಗೆ ರಕ್ತ ಬೇಗ ನಿಲ್ಲುವುದಿಲ್ಲ. ಆಗ ಬೇರೆಯವರ ಪ್ಲೇಟ್‌ಲೆಟ್ ಕೊಡಬೇಕು."

"ನಿಲ್ಲದೇ ಇದ್ದರೆ?"

"ಮತ್ತೆ ಎದೆ ತೆರೆಯಬೇಕು. ಇವರ ಹೃದಯ ಎರಡನೆಯ ಸಲ ತಡೆದುಕೊಳ್ಳುತ್ತದೆಯೋ ಇಲ್ಲವೋ, ಹೇಳಲಾರೆ."

ಅಂದು ಸವಿತಾಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು "ಹ್ಞೂಂ" ಎಂದಳು.

ರಕ್ತದ ಕೋಣೆ

ರಕ್ತನಿಧಿಯ ಅಧಿಕಾರಿ ಜವಾಹಿರ್ ಎಂಬ ಒಮಾನಿ ಹೆಂಗಸು, ನನ್ನದೇ ವಯಸ್ಸು. ಕಪ್ಪು ಬುರ್ಖಾದ ಮೇಲೆ ಬಿಳಿ ಕೋಟು, ಹಿಂದಿ ಸಿನಿಮಾ ನೋಡಿ ಕಲಿತ ಹಿಂದಿ. ಹಬ್ಬದ ರಜೆ ಬಂದು ಹೋಗಿದ್ದರಿಂದ ದಾನಿಗಳು ಬಂದಿಲ್ಲ, ನಿಮ್ಮ ಕಡೆಯ ಜನರನ್ನು ಕರೆತನ್ನಿ ಎಂದು ನನ್ನನ್ನು ಕರೆಸಿದ್ದಳು. ಅವಳ ಹಿಂದೆ ಗಾಜಿನ ಬಾಗಿಲಿನ ಕಪಾಟು. ಅದರ ಹಲಗೆಗಳು ತಮ್ಮಷ್ಟಕ್ಕೆ ಆಚೆ ಈಚೆ ತೂಗುತ್ತಿದ್ದವು. ಹಲಗೆಯ ಮೇಲೆ ಹೆಚ್ಚುಕಡಿಮೆ ಏನೂ ಇಲ್ಲ, ಒಂದು ಚೀಲ ಮಾತ್ರ. ಒಳಗೆ ತೆಳು ಹಳದಿ ನೀರು, ನಮ್ಮ ಗಂಜಿಯ ತಿಳಿಯ ಹಾಗೆ.

"ಇದೇ ಪ್ಲೇಟ್‌ಲೆಟ್," ಎಂದಳು.

ನಾನು ಕಪಾಟಿನ ಗಾಜು ಮುಟ್ಟಿ ನೋಡಿದೆ. ತಣ್ಣಗಿಲ್ಲ. "ಫ್ರಿಜ್ಜು ಕೆಟ್ಟಿದೆ," ಎಂದೆ ಗಾಬರಿಯಿಂದ.

"ಕೆಟ್ಟಿಲ್ಲ. ಇದನ್ನು ಹೀಗೇ ಇಡುವುದು."

ನನಗೆ ಸಿಟ್ಟೇ ಬಂತು. ಹೊರಗೆ ಕಲ್ಲು ಸಿಡಿಯುವ ಬಿಸಿಲು, ಊರಿಗೆ ಊರೇ ಏಸಿ ಹಾಕಿಕೊಂಡು ಕೂತ ದೇಶ, ಮನುಷ್ಯನ ಜೀವ ಉಳಿಸುವ ಸಾಮಾನನ್ನು ಹೊರಗೆ ತೂಗುಹಾಕಿದ್ದಾರಲ್ಲ! ನಾನು ಐಸ್ ಫ್ಯಾಕ್ಟರಿಯವಳು, ಬಂಗಡೆ ಮೀನನ್ನೂ ಹೀಗೆ ಇಡುವುದಿಲ್ಲ ಎಂದು ಹೇಳಿಯೇ ಬಿಟ್ಟೆ. ಜವಾಹಿರ್ ನಕ್ಕಳು, ಸಿಟ್ಟಾಗಲಿಲ್ಲ. ಚಳಿಯಲ್ಲಿಟ್ಟರೆ ಇವು ರೂಪ ಬದಲಿಸಿಕೊಳ್ಳುತ್ತವೆ, ಮೈಯೊಳಗೆ ಹೋದ ಮೇಲೆ ಶರೀರ ಇವನ್ನು ಗುರುತು ಹಿಡಿದು ಬೇಗ ಹೊರಗೆ ಹಾಕಿಬಿಡುತ್ತದೆ ಎಂದಳು. ಅದಕ್ಕೇ ಕೋಣೆಯ ಹದದಲ್ಲಿ, ಒಂದಕ್ಕೊಂದು ಅಂಟದ ಹಾಗೆ ತೂಗುತ್ತ ಇಡುತ್ತಾರಂತೆ. ಹಾಗಿಟ್ಟರೂ ಐದು ದಿನ ಅಷ್ಟೇ. ಆಮೇಲೆ ಎಸೆಯುವುದು. ಐದು ದಿನದೊಳಗೂ ದಿನ ಹೋದ ಹಾಗೆ ಅವು ದಣಿಯುತ್ತವೆ.

"ಹಾಗಾದರೆ ಚಳಿಯಲ್ಲಿ ಯಾರೂ ಇಡುವುದೇ ಇಲ್ಲವೇ?" ಎಂದು ಬಿಡದೆ ಕೇಳಿದೆ. ಸೋಲುವುದು ನನಗೆ ಬರುವುದಿಲ್ಲ.

"ಎರಡು ಚೀಲ ಇಟ್ಟಿದ್ದೇವೆ, ಬೇರೆ ಫ್ರಿಜ್ಜಿನಲ್ಲಿ. ಅಪಘಾತದಲ್ಲಿ ರಕ್ತ ಸುರಿಯುವವರಿಗೆ. ಅದು ಹೊಸ ಪದ್ಧತಿ," ಎಂದು ಮಾತು ಮುಗಿಸಿದಳು. ದಾನಿಗಳು ಖಾಲಿ ಹೊಟ್ಟೆಯಲ್ಲಿ ಬರಬಾರದು, ಹಗುರಾಗಿ ತಿಂದಿರಲಿ, ಕೊಬ್ಬಿನ ಪದಾರ್ಥ ಬೇಡ ಎಂದು ಎರಡು ಸಲ ಹೇಳಿದಳು. ನಾನೂ ಎರಡು ಸಲ ತಲೆಯಾಡಿಸಿದೆ. ತೂಗುವ ಹಲಗೆಯ ಮೇಲೆ ಒಂಟಿಯಾಗಿ ಆಚೆ ಈಚೆ ಆಗುತ್ತಿದ್ದ ಆ ಚೀಲವನ್ನು ತಿರುಗಿ ತಿರುಗಿ ನೋಡುತ್ತ ಹೊರಗೆ ಬಂದೆ.

ಶುಕ್ರವಾರದ ಊಟ

ಗಣಪತಿ ಐದು ಜನರನ್ನು ಒಪ್ಪಿಸಿದ್ದ. ಎಲ್ಲರೂ ಕಾರವಾರ, ಅಂಕೋಲೆ ಕಡೆಯ ಬೋಟಿನ ಹುಡುಗರು. ಶುಕ್ರವಾರ ರಜೆ, ಅಂದೇ ಕೊಡುವುದು ಎಂದಾಯಿತು. ಆಪರೇಶನ್ ಮರುದಿನ ಬೆಳಿಗ್ಗೆ.

ಅವರ ಕೋಣೆಯ ಒಲೆಯ ಮುಂದೆ ನಾನು ನಿಂತೆ. ಗಣಪತಿ ಬೆಳಿಗ್ಗೆಯೇ ಮೀನು ಪೇಟೆಗೆ ಹೋಗಿ ಒಂದು ಇಸವಾಣ ತಂದಿದ್ದ, ತೋಳಿನಷ್ಟು ಉದ್ದ. ಕೊಬ್ಬಿನ ಪದಾರ್ಥ ಬೇಡ ಎಂದದ್ದು ನನಗೆ ಚೆನ್ನಾಗಿ ನೆನಪಿತ್ತು. ಕೊಬ್ಬು ಅಂದರೆ ತುಪ್ಪ, ಬೆಣ್ಣೆ, ಕುರಿ ಮಾಂಸ. ಅವನ್ನೆಲ್ಲ ಬಾಗಿಲ ಹೊರಗೇ ಇಟ್ಟೆ. "ಇವತ್ ಮಟನ್ ಗಿಟನ್ ಇಲ್ಲ, ಡಾಕ್ಟ್ರು ಬೇಡ ಹೇಳಿದ್ರು" ಎಂದು ಘೋಷಿಸಿ, ಗಂಟಿನ ತೆಂಗಿನಕಾಯಿ ಒಡೆದು ದಪ್ಪ ಹಾಲು ತೆಗೆದು ಸಾರು ಮಾಡಿದೆ. ಇಸವಾಣದ ಹೋಳುಗಳನ್ನು ತೆಂಗಿನೆಣ್ಣೆಯಲ್ಲಿ ಕರಿದೆ. ಒಣ ಸಿಗಡಿಗೆ ಕಾಯಿ ಹಾಕಿ ಚಟ್ನಿ. ಕಾಯಿಹಾಲಿನದೇ ಪಾಯಸ. ಹುಡುಗರು ಉಂಡರು. ಎರಡೆರಡು ಸಲ ಹಾಕಿಸಿಕೊಂಡರು. ನನ್ನ ಮನಸ್ಸಿಗೆ ಊರು ಬಿಟ್ಟ ಮೇಲೆ ಮೊದಲ ಸಲ ನೆಮ್ಮದಿಯಾಯಿತು. ಇಷ್ಟು ಉಂಡವರ ರಕ್ತ ದಯಾನ ಮೈಗೆ ಹೋಗುತ್ತದಲ್ಲ ಎಂದು ನಾನೇ ಬೀಗಿದೆ.

ರಕ್ತನಿಧಿಯಲ್ಲಿ ಒಬ್ಬೊಬ್ಬರ ತೋಳಿನಿಂದ ಸಣ್ಣ ಕೊಳವೆಯಲ್ಲಿ ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸಿದರು. ಜವಾಹಿರ್ ಗಣಪತಿಯ ಕೊಳವೆಯನ್ನು ಬೆಳಕಿಗೆ ಹಿಡಿದಳು. ಆಮೇಲೆ ಎರಡನೆಯದು, ಮೂರನೆಯದು. ಕೆಳಗೆ ಕೆಂಪು, ಮೇಲೆ ತಿಳಿ ಹಳದಿ ಇರಬೇಕಾದ ಕಡೆ ಬೆಳ್ಳಗೆ ಹಾಲು.

"ಇವರು ಏನು ತಿಂದಿದ್ದಾರೆ?"

"ಊಟ," ಎಂದೆ.

"ಏನು ಊಟ?"

ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ಇಳಿಯಿತು. ತೆಂಗಿನಹಾಲು ಎಂದಾಗ ಅವಳು ಹಣೆಗೆ ಕೈ ಹಚ್ಚಿದಳು. ಅದು ಕೊಬ್ಬೇ, ರಕ್ತದಲ್ಲಿ ತೇಲುತ್ತಿದೆ, ಇಂಥ ರಕ್ತದಿಂದ ಪ್ಲೇಟ್‌ಲೆಟ್ ತೆಗೆಯುವ ಹಾಗಿಲ್ಲ, ಒಬ್ಬರದೂ ಆಗುವುದಿಲ್ಲ ಎಂದಳು. ನಮ್ಮ ದಂಡೆಯಲ್ಲಿ ಹುಟ್ಟಿದ ಕೂಸಿನಿಂದ ಹಿಡಿದು ಹಲ್ಲಿಲ್ಲದ ಅಜ್ಜಿಯ ತನಕ ತಿನ್ನುವುದು ಕಾಯಿ. ಅದನ್ನು ಕೊಬ್ಬು ಎಂದು ಯಾರಾದರೂ ಲೆಕ್ಕ ಹಾಕುತ್ತಾರೆಯೇ? ನೀರಿನಲ್ಲಿ ಕೊಬ್ಬಿದೆ ಎಂದ ಹಾಗಾಯಿತು.

ಹೊರಗೆ ಬಂದು ಗೋಡೆಗೆ ಒರಗಿದೆ. ಬಾಯಿತುಂಬ ಉಣ್ಣಿಸಿ ತಮ್ಮನನ್ನು ಕೊಂದೆನೇನೋ ಎಂಬ ಮಾತು ತಲೆಯಲ್ಲಿ ಬಂದದ್ದು ಹೋಗಲೇ ಒಲ್ಲದು. ಗಣಪತಿ ಪಕ್ಕದಲ್ಲಿ ಬಂದು ನಿಂತ.

"ಲೀಲಕ್ಕಾ, ತಲೆ ಕೆಡ್ಸ್ಕಳೂಕಾಗ. ನಾಳೆ ಬೆಳಿಗ್ಗೆ ನಾವ್ ಪುನಾ ಬತ್ತೆವು. ಇವತ್ ರಾತ್ರೆಗೆ ಒಣ ರೊಟ್ಟಿ, ಬೆಳಿಗ್ಗೆ ಕರೀ ಚಾ. ಮತ್ತೆಂತಾ ಇಲ್ಲ."

"ನಾಳೆ ನಿಮ್ಗೆ ಕೆಲ್ಸ ಇಲ್ವಾ?"

"ಅದೆ. ಇದ್ರೆ ಎಂತಾಯ್ತು? ಬೋಟು ಒಂದ್ ದಿವ್ಸ ನಿಂತ್ರೆ ಸಾಯೂದಿಲ್ಲ," ಎಂದ. ಮಾತು ಬಾಯಿಂದ ಹೊರಬಿದ್ದ ಮೇಲೆ ತುಟಿ ಕಚ್ಚಿಕೊಂಡ.

ಆಪರೇಶನ್ ದಿನ

ಡಾಕ್ಟರ್ ಸಾಲಿಮ್ ಮುಂದೂಡಲು ಒಪ್ಪಲಿಲ್ಲ. ಆ ಹೃದಯ ಇನ್ನು ಕಾಯುವುದಿಲ್ಲ ಎಂದರು. ಕಪಾಟಿನ ಒಂದು ಚೀಲ, ಬೇರೆ ಆಸ್ಪತ್ರೆಯಿಂದ ತರಿಸಿದ ಇನ್ನೊಂದು, ಇಷ್ಟನ್ನೇ ಇಟ್ಟುಕೊಂಡು ಶುರು ಮಾಡಿದರು. ಎರಡೂ ತಮ್ಮ ಕೊನೆಯ ದಿನದಲ್ಲಿದ್ದವು. ಅದೇ ಹೊತ್ತಿಗೆ ಕೆಳಗೆ ಹುಡುಗರು ಒಣ ರೊಟ್ಟಿಯ ಹೊಟ್ಟೆಯಲ್ಲಿ ಮಲಗಿ ತೋಳು ಚಾಚಿದ್ದರು. ಈ ಸಲ ಮೂವರದು ತಿಳಿಯಾಗಿತ್ತು. ಆದರೆ ತೆಗೆದ ಪ್ಲೇಟ್‌ಲೆಟ್ಟನ್ನು ಹಾಗೇ ಕೊಡುವುದಿಲ್ಲವಂತೆ. ಸೋಂಕು ಇದೆಯೋ ಎಂದು ಪರೀಕ್ಷೆ ಮಾಡಬೇಕು. ಅದು ಸಂಜೆಗೆ.

ಕಾಯುವ ಕೋಣೆಯಲ್ಲಿ ಒಬ್ಬ ಒಮಾನಿ ಅಜ್ಜಿ ಇದ್ದಳು. ಅವಳ ಗಂಡನೂ ಒಳಗಿದ್ದ. ನನ್ನ ಭಾಷೆ ಅವಳಿಗಿಲ್ಲ, ಅವಳದು ನನಗಿಲ್ಲ. ಖರ್ಜೂರದ ಡಬ್ಬಿ ಮುಂದೆ ದೂಡಿ, ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಕಾಫಿ ಸುರಿದುಕೊಟ್ಟಳು. ಸಕ್ಕರೆಯಿಲ್ಲ, ಏಲಕ್ಕಿಯ ಘಮ. ಕುಡಿದು ಇಟ್ಟರೆ ಮತ್ತೆ ಸುರಿಯುತ್ತಾಳೆ. ಬೇಡವಾದರೆ ಬಟ್ಟಲನ್ನು ಅಲುಗಿಸಿ ಕೊಡಬೇಕು ಎಂಬುದು ಅಲ್ಲಿಯ ರೀತಿ. ಅದು ಗೊತ್ತಿಲ್ಲದೆ ಎಷ್ಟು ಕುಡಿದೆನೋ, ಎದೆ ಡವಡವ ಹೊಡೆದುಕೊಳ್ಳತೊಡಗಿತು. ಕೊನೆಗೆ ಅಜ್ಜಿಯೇ ನನ್ನ ಕೈ ಹಿಡಿದು ಬಟ್ಟಲು ಅಲುಗಿಸಿ ತೋರಿಸಿದಳು.

ಮಧ್ಯಾಹ್ನ ಮೀರಿದ ಮೇಲೆ ಡಾಕ್ಟರ್ ಹೊರಗೆ ಬಂದರು. ಕವಾಟ ಕೂತಿದೆ, ಹೃದಯ ತಾನೇ ಬಡಿಯುತ್ತಿದೆ ಎಂದರು. ನಾನು ಕೈ ಮುಗಿದೆ. ಅವರು ಅಲ್ಲಿಂದ ಹೋಗಲಿಲ್ಲ.

"ರಕ್ತ ನಿಲ್ಲುತ್ತಿಲ್ಲ," ಎಂದರು.

ಒಳಗೆ ಕರೆದುಕೊಂಡು ಹೋಗಿ ದೂರದಿಂದ ತೋರಿಸಿದರು. ದಯಾನ ಬಾಯಲ್ಲಿ ಕೊಳವೆ, ಮುಖ ಸುಣ್ಣದ ಹಾಗೆ. ಎದೆಯ ಕೆಳಗಿನಿಂದ ಒಂದು ನಳಿಗೆ ಡಬ್ಬಿಗೆ ಇಳಿದಿತ್ತು. ಕೆಂಪು ಗೆರೆ ನಿಲ್ಲದೆ ಇಳಿಯುತ್ತಿತ್ತು. ಇದ್ದ ಎರಡೂ ಚೀಲ ಕೊಟ್ಟಾಗಿತ್ತು. ದಣಿದ ಪ್ಲೇಟ್‌ಲೆಟ್‌ಗಳು, ಸ್ವಲ್ಪ ಕಡಿಮೆಯಾದ ಹಾಗೆ ಆಗಿ ಮತ್ತೆ ಮೊದಲಿನಂತೆಯೇ. ಹುಡುಗರದು ಸಿಗಲು ಸಂಜೆಯಾಗಬೇಕು. ಅಷ್ಟು ಹೊತ್ತು ಬಿಡುವ ಹಾಗಿಲ್ಲ.

"ನಿಮ್ಮ ಮುಂದೆ ಎರಡು ದಾರಿ ಇವೆ," ಎಂದರು ಡಾಕ್ಟರ್. "ಈಗಲೇ ಮತ್ತೆ ಎದೆ ತೆರೆದು ನೋಡುವುದು. ಇಲ್ಲವೇ ಫ್ರಿಜ್ಜಿನಲ್ಲಿಟ್ಟ ಎರಡು ಚೀಲ ಕೊಟ್ಟು ನೋಡುವುದು. ಚಳಿಯಲ್ಲಿದ್ದವು ಬೇಗ ಹೆಪ್ಪು ಕಟ್ಟಿಸುತ್ತವೆ, ಆದರೆ ಮೈಯಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ. ನಮಗೆ ಬೇಕಾದದ್ದು ಸಂಜೆಯ ತನಕ ಅಷ್ಟೇ. ನಾನಾದರೆ ಇದನ್ನು ಮೊದಲು ಮಾಡುತ್ತೇನೆ. ಆದರೆ ಹೃದಯದ ಆಪರೇಶನ್ನಿಗೆ ನಮ್ಮಲ್ಲಿ ಇದು ಹೊಸತು. ನೀವು ಹೂಂ ಎನ್ನಬೇಕು."

ಎರಡು ದಿನದ ಹಿಂದೆ ಐಸಿಗೆ ಹಾಕಿ ಎಂದು ಜಗಳವಾಡಿದವಳು ನಾನೇ. ಈಗ ಹಾಕಿಟ್ಟದ್ದನ್ನು ಕೊಡುತ್ತೇನೆ ಎಂದರೆ ಹಿಂದೇಟು ಹಾಕಿದವಳೂ ನಾನೇ. ಆವತ್ತು ಬೇರೆಯವರ ಚೀಲ, ಇವತ್ತು ನನ್ನ ತಮ್ಮನ ಎದೆ. ಚಳಿಯಲ್ಲಿದ್ದವನ್ನು ಶರೀರ ಹೊರಗೆ ಹಾಕುತ್ತದೆ ಎಂದು ಜವಾಹಿರ್ ಹೇಳಿದ್ದೇ ಕಿವಿಯಲ್ಲಿ. ಬೇಗ ಹಾಕಿಬಿಟ್ಟರೆ? ಸಂಜೆಗಿಂತ ಮೊದಲೇ ಹಾಕಿಬಿಟ್ಟರೆ? ಸವಿತಾಗೆ ಫೋನ್ ಮಾಡಿದೆ. ಒಂದೂ ಬಿಡದೆ ಹೇಳಿದೆ, ಊಟದ ವಿಷಯವನ್ನೂ ಹೇಳಿದೆ. ಅವಳ ಕಡೆಯಿಂದ ಗಂಗಾವಳಿಯಲ್ಲಿ ದೋಣಿಯ ಎಂಜಿನ್ ಓಡುವ ಸದ್ದು ಕೇಳುತ್ತಿತ್ತು.

"ಅತ್ಗೆ, ಎದೆ ಪುನಾ ತೆರೂದು ಬೇಡ. ಆ ಚೀಲ ಕೊಡೂಕೆ ಹೇಳಿ. ಆದ್ರೆ ಆಯ್ತು, ಆಗ್ದಿದ್ರೆ ನಾನೇ ಹೇಳ್ದೆ ಹೇಳಿ ಇರ್ಲಿ. ನಿಮ್ ತಲೆ ಮೇಲೆ ಬೇಡ."

ಹೂಂ ಎಂದೆ. ಡಾಕ್ಟರ್ ಓಡಿದರು.

ಆ ಮೇಲೆ ನನ್ನನ್ನು ಗಾಜಿನ ಹೊರಗೆ ನಿಲ್ಲಲು ಬಿಟ್ಟರು. ನರ್ಸ್ ಚೀಲ ತೂಗುಹಾಕಿದಳು. ನಾನು ನಳಿಗೆಯನ್ನೇ ನೋಡಿದೆ. ದೇವರ ಹೆಸರು ಒಂದೂ ನೆನಪಾಗಲಿಲ್ಲ. ನಮ್ಮ ಅಂಕೋಲೆಯ ವೆಂಕಟರಮಣನೇ ನೆನಪಾಗಲಿಲ್ಲ ಎಂದರೆ ನೋಡಿ. ನಿಲ್ಲು, ನಿಲ್ಲು ಮಾರಾಯ ಎಂದು ರಕ್ತಕ್ಕೇ ಹೇಳುತ್ತಿದ್ದೆ. ಮೊದಲು ಏನೂ ಬದಲಾಗಲಿಲ್ಲ. ಎರಡನೆಯ ಚೀಲ ಅರ್ಧವಾದಾಗ ಗೆರೆ ತುಂಡು ತುಂಡಾಯಿತು. ಆಮೇಲೆ ಹನಿ. ಹನಿಗೂ ಹನಿಗೂ ನಡುವೆ ನಾನು ಉಸಿರು ಹಿಡಿಯುವಷ್ಟು ಬಿಡುವು. ಡಾಕ್ಟರ್ ಸಾಲಿಮ್ ಡಬ್ಬಿಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತಿದ್ದರು, ನಮ್ಮವರು ಬಾವಿಯ ಊಟೆ ನೋಡಲು ಕೂರುವ ಹಾಗೆ. ಎದ್ದು ಗಾಜಿನ ಈಚೆಗಿದ್ದ ನನ್ನ ಕಡೆ ತಿರುಗಿ ಒಂದು ಸಲ ತಲೆಯಾಡಿಸಿದರು.

ಸಂಜೆ ಹುಡುಗರ ಚೀಲಗಳು ಬಂದವು. ಅವನ್ನೂ ಕೊಟ್ಟರು. ಎದೆ ಮತ್ತೆ ತೆರೆಯಬೇಕಾಗಿ ಬರಲಿಲ್ಲ.

ಮಾತ್ರೆ

ಕೊಳವೆ ತೆಗೆದ ಮೇಲೆ ದಯಾ ಆಡಿದ ಮೊದಲ ಮಾತು, "ಅಕ್ಕಾ, ಟಿಕ್ ಟಿಕ್ ಹೇಳಿ ಕೇಳ್ತದೆ. ಗಡಿಯಾರ ಎಲ್ಲದೆ?" ಗಡಿಯಾರ ಇರಲಿಲ್ಲ. ಅದು ಅವನದೇ ಹೊಸ ಕವಾಟ, ಲೋಹದ್ದು. ಕೋಣೆ ಸುಮ್ಮನಿದ್ದಾಗ ನನಗೂ ಕೇಳಿಸುತ್ತಿತ್ತು.

ಡಾಕ್ಟರ್ ಒಂದು ಮಾತ್ರೆ ತೋರಿಸಿ, ಇದನ್ನು ಜೀವ ಇರುವ ತನಕ ದಿನಾ ತಪ್ಪದೆ ನುಂಗಬೇಕು ಎಂದರು. ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದರೆ ಆ ಹೆಪ್ಪು ಮಿದುಳಿಗೆ ಹೋಗಬಹುದು, ಅದಕ್ಕೆ ಇದು ಹೆಪ್ಪುಗಟ್ಟದ ಹಾಗೆ ಮಾಡುವ ಮಾತ್ರೆ. ನಾನು ಅವರ ಮುಖವನ್ನೇ ನೋಡಿದೆ.

"ಡಾಕ್ಟರೇ, ಮೊನ್ನೆ ಹೆಪ್ಪುಗಟ್ಟಲಿ ಎಂದು ಇಡೀ ಬಂದರಿನ ಹುಡುಗರನ್ನು ಮಲಗಿಸಿದಿರಿ. ಇವತ್ತು ಹೆಪ್ಪುಗಟ್ಟಬಾರದು ಎನ್ನುತ್ತೀರಿ."

"ಎರಡೂ ನಿಜ," ಎಂದರು ಅವರು. "ಬಹಳ ಕಟ್ಟಬಾರದು, ಕಟ್ಟದೆಯೂ ಇರಬಾರದು. ಆಗಾಗ ಪರೀಕ್ಷೆ ಮಾಡಿಸಿ ಮಾತ್ರೆಯ ಪ್ರಮಾಣ ಸರಿಮಾಡಬೇಕು. ಗಾಯವಾದರೆ ರಕ್ತ ನಿಲ್ಲಲು ಹೊತ್ತು ಹಿಡಿಯುತ್ತದೆ. ಎಂಜಿನ್ನಿನ ಕೆಲಸ ಇನ್ನು ಬೇಡ."

ದಯಾ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ. ಸ್ಪ್ಯಾನರು, ತಗಡು, ಬಲೆಯ ಹಗ್ಗ ಕೊಯ್ದ ಹಳೆಯ ಗೆರೆಗಳು ಬೆರಳ ತುಂಬ ಇದ್ದವು. ಅವನ್ನು ಅವನು ಹಿಂದೆ ಯಾವತ್ತೂ ಗಾಯ ಎಂದು ಕರೆದವನಲ್ಲ. "ಹಂಗಾರೆ ಊರಿಗೆ ಹೋಪಾ," ಎಂದ.

ಹೊರಡುವಾಗ ಜವಾಹಿರ್ ಬಂದು ನನ್ನ ಕೈಗೆ ಖರ್ಜೂರದ ಪೊಟ್ಟಣ ಕೊಟ್ಟು, ಇದರಲ್ಲಿ ಕೊಬ್ಬಿಲ್ಲ ಎಂದಳು. ನಾನು ನಕ್ಕೆ. ವಿಮಾನದಲ್ಲಿ ಅವನ ಪಕ್ಕ ಕೂತು ಇಡೀ ದಾರಿ ಆ ಟಿಕ್ ಟಿಕ್ ಎಂಜಿನ್ ಸದ್ದಿನಲ್ಲಿ ಕೇಳದೆ ಹೋದದ್ದಕ್ಕೆ ಕಂಗಾಲಾಗಿದ್ದೆ.

ಮಂಜಗುಣಿ

ಊರಿಗೆ ಬಂದ ಮೇಲೆ ಸವಿತಾ ಮನೆಯ ಕತ್ತಿ, ಈಳಿಗೆ, ಬ್ಲೇಡು ಎಲ್ಲವನ್ನೂ ಮೇಲಿನ ನಾಗಂದಿಗೆಗೆ ಏರಿಸಿದಳು. ಮಾತ್ರೆ ಅವಳೇ ಕೊಡುತ್ತಾಳೆ, ನುಂಗಿದ್ದನ್ನು ಬಾಯಿ ತೆರೆಸಿ ನೋಡುತ್ತಾಳೆ. ಪರೀಕ್ಷೆಗೆ ಕಾರವಾರಕ್ಕೆ ಹೋಗುವ ದಿನ ಬೆಳಗಿನಿಂದಲೇ ಯಾರೊಡನೆಯೂ ಮಾತಿಲ್ಲ. ದಯಾಗೆ ಇದು ತಡೆಯಲಾರದ ಹಿಂಸೆ.

ಕಳೆದ ವಾರ ನಾನು ಅಲ್ಲಿಗೆ ಹೋದಾಗ ಅವಳು ಹೊಳೆಯಿಂದ ಬಳಚು ತಂದು ಅಂಗಳದಲ್ಲಿ ಸುರಿದು, ನನಗೆ ಚಾ ಮಾಡಲು ಒಳಗೆ ಹೋಗಿದ್ದಳು. ಬಳಚಿನ ಚಿಪ್ಪು ಬಿಡಿಸುವ ಚಿಕ್ಕ ಚೂರಿ ಅಲ್ಲೇ ಇತ್ತು. ದಯಾ ಅದನ್ನು ತೆಗೆದುಕೊಂಡು ಕೂತ.

"ಇಡು ಅದ್ನ," ಎಂದೆ.

"ನಾನೆಂತ ಗಾಜಿನ ಬಾಟ್ಲಿಯಾ ಅಕ್ಕಾ? ಹುಟ್ಟಿದಾಗಿಂದ ಬಳಚು ಬಿಡ್ಸವ್ನೆ," ಎನ್ನುತ್ತ ಒಂದನ್ನು ಬಿಡಿಸಿದ. ಎರಡನ್ನು ಬಿಡಿಸಿದ. ಮುಂದಿನದರಲ್ಲಿ ಚೂರಿ ಜಾರಿ ಹೆಬ್ಬೆರಳ ಬುಡಕ್ಕೆ ತಾಗಿತು.

ಬಹಳ ದೊಡ್ಡ ಗಾಯವೇನಲ್ಲ. ಹಿಂದೆ ಆಗಿದ್ದರೆ ಬಾಯಲ್ಲಿಟ್ಟು ಚೀಪಿ ಕೆಲಸ ಮುಂದುವರಿಸುತ್ತಿದ್ದ. ಈಗ ರಕ್ತ ಮಣಿಗಂಟಿನ ತನಕ ಇಳಿದು ಬಿಳಿ ಚಿಪ್ಪುಗಳ ಮೇಲೆ ಬಿತ್ತು. ಸವಿತಾ ಯಾವಾಗ ಹೊರಗೆ ಬಂದಳೋ ನಾನು ನೋಡಲಿಲ್ಲ. ಸೆರಗಿನಿಂದ ಅವನ ಹೆಬ್ಬೆರಳನ್ನು ಒತ್ತಿ ಹಿಡಿದು ಅವನ ಮುಂದೆ ಕುಳಿತಳು. ಬೈಯಲಿಲ್ಲ. ಅಂಗಳದಲ್ಲಿ ಅವನ ಎದೆಯ ಟಿಕ್ ಟಿಕ್ ಕೇಳುತ್ತಿತ್ತು. ಅವಳು ಸೆರಗು ಎತ್ತಿ ನೋಡಿದಳು. ರಕ್ತ ಬರುತ್ತಿತ್ತು. ಮತ್ತೆ ಒತ್ತಿದಳು. ಒಳಗೆ ಚಾ ಉಕ್ಕಿ ಒಲೆಯ ಮೇಲೆ ಸುಟ್ಟ ವಾಸನೆ ಬಂತು, ಯಾರೂ ಏಳಲಿಲ್ಲ. ಎರಡನೆಯ ಸಲ ಎತ್ತಿದಳು. ಇನ್ನೂ ಒಸರುತ್ತಿತ್ತು. ಒತ್ತಿದಳು. ಅವಳ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು.

ಆಮೇಲೆ ಬಹಳ ಹೊತ್ತು ಅವಳು ಸೆರಗು ಎತ್ತಲೇ ಇಲ್ಲ. ಎತ್ತಲು ಧೈರ್ಯ ಸಾಲದೆ ನನ್ನ ಮುಖ ನೋಡಿದಳು. ನಾನು ಬಗ್ಗಿ ಸೆರಗಿನ ಅಂಚನ್ನು ಮೆಲ್ಲಗೆ ಸರಿಸಿದೆ. ಗಾಯದ ಬಾಯಿಗೆ ಕಪ್ಪು ಕೆಂಪಿನ ಒಂದು ಸಣ್ಣ ಮಣಿ ಕಟ್ಟಿಕೊಂಡು ನಿಂತಿತ್ತು.

"ನಿಂತದೆ," ಎಂದೆ.

ಸವಿತಾ ಬಗ್ಗಿ ಹತ್ತಿರದಿಂದ ನೋಡಿದಳು. ಹೌದೆಂದು ಕಂಡ ಮೇಲೆ ಗಂಡನ ಮೊಣಕಾಲಿಗೆ ತಲೆ ಕೊಟ್ಟು, ಇಷ್ಟು ತಿಂಗಳಲ್ಲಿ ಒಂದು ದಿನವೂ ಅಳದವಳು, ಓಣಿಗೆಲ್ಲ ಕೇಳುವ ಹಾಗೆ ಅತ್ತಳು. ದಯಾ ಆ ಮಣಿ ಒಡೆಯಬಾರದೆಂದು ಹೆಬ್ಬೆರಳನ್ನು ಮೇಲೆತ್ತಿ ಹಿಡಿದು, ಇನ್ನೊಂದು ಕೈಯಿಂದ ಅವಳ ತಲೆ ಸವರುತ್ತಿದ್ದ.